ಗದ್ದೆ ತುಂಬ ನೀರು, ಆದರೂ ನೆಲ್ಲು ಬಾಯಾರಿದೆ: ಸವಳು ಭೂಮಿಯ ಬಗ್ಗೆ ಒಬ್ಬ ಓದುಗರಿಗೆ ಉತ್ತರ

ಪ್ರಶ್ನೆ: "ಸರ್, ನಮ್ಮದು ಸಿಂಧನೂರು ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆ ನೀರು. ಹಳ್ಳದ ದಂಡೆಗೆ ನಾಲ್ಕು ಎಕರೆ ಎರೆ ಭೂಮಿ. ಅಪ್ಪನ ಕಾಲದಿಂದ ವರ್ಷಕ್ಕೆ ಎರಡು ಸಲ ನೆಲ್ಲು. ಮೇಲಿನ ಎರಡೂವರೆ ಎಕರೆಯಲ್ಲಿ ಈಗಲೂ ಎಕರೆಗೆ 38–40 ಚೀಲ ಬರುತ್ತದೆ. ಕೆಳಗಿನ ಒಂದೂವರೆ ಎಕರೆಯಲ್ಲಿ ಹೋದ ಬೇಸಿಗೆ ಬೆಳೆಗೆ ಎಕರೆಗೆ 16 ಚೀಲಕ್ಕೆ ಬಂದು ನಿಂತಿದೆ. ನಾಟಿ ಮಾಡಿ ಇಪ್ಪತ್ತು ದಿನಕ್ಕೆ ಕೆಳಗಿನ ಎಲೆಗಳ ತುದಿ ಬಿಳಿಚಿ ಒಣಗುತ್ತವೆ. ಅಲ್ಲಲ್ಲಿ ಸಸಿ ಸತ್ತು ಬೋಳು. ತೆನೆ ಬಂದರೂ ಜೊಳ್ಳು. ಕೊಯ್ಲಾದ ಮೇಲೆ ಮೇ ತಿಂಗಳಲ್ಲಿ ನೆಲದ ಮೇಲೆ ಬಿಳಿ ಹಿಟ್ಟು. ಮಣ್ಣು ಪರೀಕ್ಷೆ ಚೀಟಿಯಲ್ಲಿ ಪಿಎಚ್ 8.2, ಇ.ಸಿ. 2.6 ಅಂತಿದೆ. ಇ.ಸಿ. 4ರ ಒಳಗಿದ್ದರೆ ಸವಳು ಅಲ್ಲ ಅಂತ ಓದಿದ್ದೇನೆ. ಗೊಬ್ಬರದ ಅಂಗಡಿಯವರು ಎಕರೆಗೆ ಎರಡು ಟನ್ ಜಿಪ್ಸಂ ಹಾಕಿ ಅಂತಾರೆ. ಅಪ್ಪ, ನೆಲ್ಲು ಬಿಡಬೇಡ, ನೀರು ನಿಂತರೆ ಉಪ್ಪು ತಾನೇ ಹೋಗುತ್ತದೆ ಅಂತಾರೆ. ನಾನು ಉಪ್ಪು ತಡೆಯುವ ತಳಿ ಹುಡುಕುತ್ತಿದ್ದೇನೆ. ಯಾವ ತಳಿ ಹಾಕಲಿ? ಗದ್ದೆ ತುಂಬ ನೀರಿದ್ದರೂ ಸಸಿ ಒಣಗುವುದು ಯಾಕೆ?"

ಮೊದಲಿಗೆ ನಿಮ್ಮ ಪರೀಕ್ಷೆ ಚೀಟಿ. ಎಲ್ಲ ಗೊಂದಲ ಅಲ್ಲಿಂದಲೇ ಶುರುವಾಗಿದೆ.

ಇ.ಸಿ. ಅಂದರೆ ಮಣ್ಣಿನ ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ. ಉಪ್ಪು ಜಾಸ್ತಿ ಆದಷ್ಟೂ ಅಂಕಿ ಮೇಲೇರುತ್ತದೆ. ನೀವು ಓದಿದ 4ರ ಗಡಿ ಸರಿಯಾದದ್ದೇ. ಆದರೆ ಆ ಗಡಿ ಇರುವುದು ಬೇರೆ ಅಳತೆಗೆ. ಮಣ್ಣನ್ನು ಕೆಸರಿನ ಹಾಗೆ ಕಲಸಿ, ಅದರಿಂದ ಹಿಂಡಿ ತೆಗೆದ ನೀರಿನಲ್ಲಿ ಅಳೆದ ಅಂಕಿ ಅದು. ನಮ್ಮ ಕಡೆ ಬಹಳ ಪ್ರಯೋಗಾಲಯಗಳು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ, ಕಲಕಿ, ಅಳೆಯುತ್ತವೆ. ಸಾರಿಗೆ ನೀರು ಸುರಿದು ರುಚಿ ನೋಡಿದ ಹಾಗೆ. ಎರೆ ಮಣ್ಣಿನಲ್ಲಿ ಈ ಎರಡು ಅಂಕಿಗಳ ನಡುವೆ ಹೆಚ್ಚುಕಡಿಮೆ ಮೂರು ಪಟ್ಟು ಅಂತರ ಇರುತ್ತದೆ. ನಿಮ್ಮ 2.6 ಹೀಗೆ ನೀರು ಹಾಕಿ ಅಳೆದದ್ದಾದರೆ, ಗಿಡದ ಬೇರು ನಿಜವಾಗಿ ಎದುರಿಸುತ್ತಿರುವುದು 8ರ ಸುತ್ತಮುತ್ತ. ಹಾಗಾಗಿ ನಿಮ್ಮ ಕೆಳಗಿನ ಒಂದೂವರೆ ಎಕರೆ ಸವಳು ಭೂಮಿಯೇ, ಅದರಲ್ಲಿ ಅನುಮಾನ ಬೇಡ. ಚೀಟಿಯಲ್ಲಿ 1:2.5 ಅಂತ ಎಲ್ಲಾದರೂ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ. ಈ ಒಂದು ವಿಷಯ ಗೊತ್ತಿಲ್ಲದೆ "ಮಣ್ಣು ಚೆನ್ನಾಗಿದೆ, ಬೀಜದ್ದೇ ತಪ್ಪು" ಅಂತ ವರ್ಷಗಟ್ಟಲೆ ತಳಿ ಬದಲಿಸುತ್ತಾ ಹೋದ ರೈತರನ್ನು ನಾನು ತುಂಬ ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಅದೇ ಒಳ್ಳೆಯ ಪ್ರಶ್ನೆ, ಉಳಿದದ್ದೆಲ್ಲ ಅದರಿಂದಲೇ ಬಿಚ್ಚಿಕೊಳ್ಳುತ್ತದೆ.

ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದೆ, ಅಲ್ವಾ? ಉಪ್ಪು ಎಲ್ಲಿ ಜಾಸ್ತಿ ಇದೆಯೋ ನೀರು ಆ ಕಡೆ ಹೋಗಲು ನೋಡುತ್ತದೆ. ಬೇರು ನೀರು ಎಳೆಯಬೇಕಾದರೆ ಬೇರಿನ ಒಳಗಿನ ರಸ ಹೊರಗಿನ ನೀರಿಗಿಂತ ಗಟ್ಟಿ ಇರಬೇಕು. ಹೊರಗೇ ಉಪ್ಪು ಜಾಸ್ತಿ ಆದರೆ ನೀರು ಕಣ್ಣೆದುರೇ ಇದ್ದರೂ ಒಳಗೆ ಬರುವುದಿಲ್ಲ. ಗಿಡಕ್ಕೆ ಅದು ಬರಗಾಲವೇ. ಇದು ಉಪ್ಪು ಮುಟ್ಟಿದ ಮೊದಲ ದಿನದಿಂದಲೇ ಆಗುವ ಪೆಟ್ಟು. ಎಲೆಯ ಮೇಲೆ ಗುರುತು ಕಾಣುವುದಿಲ್ಲ. ಗಿಡ ಗಿಡ್ಡವಾಗುತ್ತದೆ, ಎಲೆ ಸಣ್ಣದಾಗುತ್ತದೆ, ಮರಿ ತೆಂಡೆ ಕಡಿಮೆ ಒಡೆಯುತ್ತದೆ, ಅಷ್ಟೇ. ಎಲೆಯ ಬಣ್ಣ ಕೆಲವು ಸಲ ಇನ್ನೂ ಕಡು ಹಸಿರಾಗಿರುವುದರಿಂದ ರೈತರಿಗೆ ಅನುಮಾನವೇ ಬರುವುದಿಲ್ಲ.

ಎರಡನೇ ಪೆಟ್ಟು ನಿಧಾನಕ್ಕೆ ಬರುತ್ತದೆ. ನೀವು ಇಪ್ಪತ್ತನೇ ದಿನಕ್ಕೆ ನೋಡಿದ್ದು ಇದನ್ನೇ. ಬೇರು ನೀರಿನ ಜೊತೆ ಬರುವ ಸೋಡಿಯಂನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚನ್ನು ಹೊರಗೇ ತಡೆಯುತ್ತದೆ. ಆದರೆ ಉಳಿದ ಚೂರು ಮೇಲೆ ಹೋಗುತ್ತದೆ. ಎಲೆಯಿಂದ ನೀರು ಆವಿಯಾಗಿ ಹೊರಟು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ದಿನ ದಿನ ಹೀಗೇ ಸೇರುತ್ತಾ ಹೋದರೆ ಯಾವ ಎಲೆ ಹೆಚ್ಚು ದಿನ ಬದುಕಿದೆಯೋ ಅದರಲ್ಲಿ ಉಪ್ಪು ಜಾಸ್ತಿ. ಹಾಗಾಗಿ ಹಳೆಯ ಎಲೆ, ಅದರಲ್ಲೂ ತುದಿ, ಮೊದಲು ಸುಡುತ್ತದೆ. ಇಲ್ಲೊಂದು ಗಮನಿಸಿ: ಜಿಂಕ್ ಕೊರತೆ ಆದರೂ ನೆಲ್ಲಿನ ಎಲೆ ಕೆಡುತ್ತದೆ, ಆದರೆ ಅಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು ಬರುತ್ತವೆ. ನಿಮ್ಮಲ್ಲಿ ತುದಿಯಿಂದ ಬಿಳಿಚಿ ಒಣಗುತ್ತಿದೆ. ಅದು ಉಪ್ಪಿನ ಗುರುತು.

ಸೋಡಿಯಂ ಯಾಕಿಷ್ಟು ಕೆಟ್ಟದ್ದು ಅಂದರೆ ಅದು ಪೊಟ್ಯಾಸಿಯಂನ ವೇಷದಲ್ಲಿ ಬರುತ್ತದೆ. ಗಿಡದ ಒಳಗೆ ಹತ್ತಾರು ಕೆಲಸಕ್ಕೆ ಪೊಟ್ಯಾಸಿಯಂ ಬೇಕು. ಸೋಡಿಯಂ ಅದರ ಜಾಗದಲ್ಲಿ ಹೋಗಿ ಕೂತರೆ ಆ ಕೆಲಸ ನಿಂತುಹೋಗುತ್ತದೆ. ಗಿಡವೂ ಸುಮ್ನೆ ಇರುವುದಿಲ್ಲ. ಒಳಗೆ ಬಂದ ಸೋಡಿಯಂ ಅನ್ನು ಬೇರಿನಿಂದ ವಾಪಸ್ಸು ಹೊರಗೆ ತಳ್ಳುತ್ತದೆ. ತಳ್ಳಲು ಆಗದ್ದನ್ನು ಪ್ರತಿ ಜೀವಕೋಶದ ಒಳಗಿರುವ ಒಂದು ಚೀಲದಂಥ ಜಾಗಕ್ಕೆ ತುಂಬಿ ಬಾಯಿ ಕಟ್ಟುತ್ತದೆ. ನೀರು ಎಳೆಯುವ ಶಕ್ತಿಗಾಗಿ ಪ್ರೋಲಿನ್ ಅಂಥ ಪದಾರ್ಥಗಳನ್ನು ತಾನೇ ತಯಾರಿಸಿಕೊಂಡು ರಸ ಗಟ್ಟಿ ಮಾಡಿಕೊಳ್ಳುತ್ತದೆ. ಕೆಲವು ಗಿಡಗಳಲ್ಲಿ, ನೀರು ಮೇಲೇರುವ ದಾರಿಯಲ್ಲೇ ಸೋಡಿಯಂ ಅನ್ನು ಹಿಡಿದು ಕೆಳಗೆ ಇಳಿಸುವ ಕಾವಲು ಇದೆ. 2012ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಹಳೆಯ ಕಾಲದ ಒಂದು ಗೋಧಿಯಿಂದ ಇಂಥ ಕಾವಲಿನ ಜೀನ್ ಅನ್ನು ಪಾಸ್ತಾ ಗೋಧಿಗೆ ತಂದು, ಸವಳು ಹೊಲದಲ್ಲಿ ನೂರಕ್ಕೆ 25ರವರೆಗೆ ಹೆಚ್ಚು ಕಾಳು ತೆಗೆದು ತೋರಿಸಿದರು. ನಮ್ಮ ಕೇರಳದ ಪೊಕ್ಕಾಳಿ ನೆಲ್ಲಿನಲ್ಲೂ ಇಂಥದ್ದೇ ಗುಣ ಇದೆ. ಅದನ್ನು ಬೇರೆ ತಳಿಗಳಿಗೆ ತರುವ ಕೆಲಸ ಬಹಳ ವರ್ಷಗಳಿಂದ ನಡೆದಿದೆ.

ಆದರೆ ತಳ್ಳುವುದು, ತುಂಬುವುದು, ತಯಾರಿಸುವುದು, ಎಲ್ಲದಕ್ಕೂ ಗಿಡ ಖರ್ಚು ಮಾಡಬೇಕು. ಆ ಖರ್ಚು ಹೋಗುವುದು ಕಾಳಿಗೆ ಹೋಗಬೇಕಾದ ಸಕ್ಕರೆಯಿಂದಲೇ. ಅದಕ್ಕೇ ಉಪ್ಪು ತಡೆಯುವ ತಳಿ ಕೂಡ ಸವಳಿನಲ್ಲಿ ಒಳ್ಳೆ ಭೂಮಿಯಷ್ಟು ಬೆಳೆಯುವುದಿಲ್ಲ. ಬೇರೆ ತಳಿ ಸಾಯುವ ಕಡೆ ಇದು ಬದುಕುತ್ತದೆ. ತಳಿ ಹುಡುಕುವ ಮುಂಚೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಬೆಳೆ ಬೆಳೆಗೂ ತಾಳಿಕೆ ಬೇರೆ. ಹಿಂಡಿ ತೆಗೆದ ನೀರಿನ ಇ.ಸಿ. ಲೆಕ್ಕದಲ್ಲಿ ನೆಲ್ಲು 3ರವರೆಗೆ ಸುಮ್ಮನಿರುತ್ತದೆ, ಅಲ್ಲಿಂದ ಮುಂದೆ ಒಂದೊಂದು ಅಂಕಿಗೂ ಇಳುವರಿ ಸುಮಾರು ನೂರಕ್ಕೆ 12 ಕಡಿಮೆ ಆಗುತ್ತದೆ. 8ಕ್ಕೆ ಲೆಕ್ಕ ಹಾಕಿ: ಐದು ಅಂಕಿ ಜಾಸ್ತಿ, ಅಂದರೆ 60 ಹೋಯಿತು, 40 ಉಳಿಯಿತು. 39 ಚೀಲದಲ್ಲಿ ನೂರಕ್ಕೆ 40 ಅಂದರೆ ಹೆಚ್ಚುಕಡಿಮೆ ಹದಿನಾರು ಚೀಲ. ನಿಮ್ಮ ಗದ್ದೆ ಪುಸ್ತಕದ ಲೆಕ್ಕವನ್ನೇ ಒಪ್ಪಿಸಿದ ಹಾಗಿದೆ. ಪ್ರತಿ ಗದ್ದೆಯಲ್ಲೂ ಇಷ್ಟು ಕರಾರುವಾಕ್ಕಾಗಿ ಕೂಡುವುದಿಲ್ಲ, ನಿಂತ ನೀರು ಉಪ್ಪನ್ನು ತೆಳು ಮಾಡುತ್ತದೆ, ಬಿಸಿಲು ಗಟ್ಟಿ ಮಾಡುತ್ತದೆ. ಆದರೂ ದಿಕ್ಕು ಗೊತ್ತಾಯಿತು. ಹತ್ತಿಗೆ ಅದೇ ಗಡಿ 7.7. ಜೋಳಕ್ಕೆ 6.8, ಆದರೆ ದಾಟಿದ ಮೇಲೆ ಜೋಳ ಬೇಗ ಕುಸಿಯುತ್ತದೆ. ಮೆಕ್ಕೆಜೋಳ 1.7, ಮೆಣಸಿನಕಾಯಿ 1.5, ಈರುಳ್ಳಿ 1.2. ಕಡಲೆ, ತೊಗರಿಯೂ ಉಪ್ಪಿಗೆ ಬಲು ನಾಜೂಕು. "ನೆಲ್ಲು ಬರಲಿಲ್ಲ, ಮೆಣಸಿನಕಾಯಿ ಹಾಕಿ ನೋಡೋಣ" ಅಂತ ಯಾರಾದರೂ ಹೇಳಿದರೆ ಆ ಒಂದೂವರೆ ಎಕರೆಯಲ್ಲಿ ದಯವಿಟ್ಟು ಬೇಡ.

ಇನ್ನು ಜಿಪ್ಸಂ. ನಮ್ಮ ಕಡೆ ಜನ ಎರಡು ಬೇರೆ ರೋಗಕ್ಕೆ ಸವಳು ಅಂತ ಒಂದೇ ಹೆಸರು ಹೇಳುತ್ತಾರೆ. ಒಂದರಲ್ಲಿ ಉಪ್ಪು ನೀರಿನಲ್ಲಿ ಕರಗಿಕೊಂಡು ಓಡಾಡುತ್ತದೆ, ಬಿಸಿಲಿಗೆ ಬಿಳಿ ಹಿಟ್ಟಾಗಿ ಮೇಲೆ ಬರುತ್ತದೆ, ಪಿಎಚ್ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) ಸಾಮಾನ್ಯವಾಗಿ 8.5ರ ಒಳಗೆ. ಅದು ನಿಜವಾದ ಸವಳು. ಇನ್ನೊಂದರಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ, ಮಣ್ಣು ಉಬ್ಬಿ, ಅಂಟಾಗಿ, ನೀರು ಇಂಗುವುದಿಲ್ಲ, ನಿಂತ ನೀರು ದಿನಗಟ್ಟಲೆ ಬಗ್ಗಡವಾಗಿಯೇ ಇರುತ್ತದೆ, ಪಿಎಚ್ 8.5 ದಾಟುತ್ತದೆ. ಅದು ಕರ್ಲು, ಅಂದರೆ ಕ್ಷಾರ ಭೂಮಿ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ. ಹಾಗಾಗಿ ಅದು ಕರ್ಲಿನ ಮದ್ದು. ಬರೀ ಸವಳಿಗೆ ಹಾಕಿದರೆ ದುಡ್ಡು ದಂಡ, ಉಪ್ಪಿರುವ ಕಡೆ ಇನ್ನೊಂದು ಉಪ್ಪು ಸುರಿದ ಹಾಗೆ.

ನಿಮ್ಮದು ಪಿಎಚ್ 8.2, ಬಿಳಿ ಹಿಟ್ಟು. ಸವಳಿನ ಕಡೆಗೇ ಬೆರಳು ತೋರಿಸುತ್ತಿದೆ. ಆದರೂ ಎರೆ ಭೂಮಿಯಲ್ಲಿ ಎರಡೂ ಬೆರೆತಿರುವುದು ಉಂಟು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ಮಳೆ ನೀರು ಅಥವಾ ಆರ್‌ಒ ನೀರು ತುಂಬಿ. ಕಡಲೆಕಾಳಿನಷ್ಟು ದೊಡ್ಡ ಒಣ ಹೆಂಟೆಯನ್ನು ಮೆಲ್ಲಗೆ ಬಿಟ್ಟು, ಅಲುಗಿಸದೆ ಒಂದು ದಿನ ಇಡಿ. ಹೆಂಟೆ ಕುಸಿದರೂ ನೀರು ತಿಳಿಯಾಗಿದ್ದರೆ ಒಳ್ಳೆಯದು. ಸುತ್ತ ಹಾಲಿನಂಥ ಮಬ್ಬು ಹರಡಿದರೆ ಸೋಡಿಯಂ ಅಂಟಿದೆ. ಇಲ್ಲೊಂದು ಮೋಸ ಇದೆ: ಉಪ್ಪು ಜಾಸ್ತಿ ಇದ್ದಾಗ ಆ ಉಪ್ಪೇ ಮಣ್ಣಿನ ಕಣಗಳನ್ನು ಹಿಡಿದಿಡುವುದರಿಂದ ಮೊದಲ ಸಲ ನೀರು ತಿಳಿಯಾಗಿ ಕಾಣಬಹುದು. ಹಾಗಾಗಿ ನೀರನ್ನು ಮೆಲ್ಲಗೆ ಬಸಿದು ಹೊಸ ನೀರು ಹಾಕಿ ಎರಡು ಮೂರು ಸಲ ನೋಡಿ. ಆಮೇಲೆ ಮಬ್ಬಾದರೆ, ಉಪ್ಪು ತೊಳೆಯಲು ಹೋದಾಗ ನಿಮ್ಮ ಗದ್ದೆಯೂ ಹಾಗೇ ಗಟ್ಟಿ ಕೆಸರಾಗುತ್ತದೆ ಅಂತ ಅರ್ಥ. ಆಗ ಜಿಪ್ಸಂ ಬೇಕಾಗುತ್ತದೆ, ಎಷ್ಟು ಅಂತ ಪ್ರಯೋಗಾಲಯ ಹೇಳಬೇಕು, ಅಂಗಡಿ ಅಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು, ಜವಳು (ನೀರು ನಿಂತು ಕೆಟ್ಟ) ಭೂಮಿಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ, ನಿಮಗೆ ದೂರವೂ ಅಲ್ಲ. ಮಣ್ಣು ತೆಗೆದುಕೊಂಡು ಹೋಗಿ, ಮೇಲಿನ ಒಂದು ಅಡಿಯದ್ದು ಬೇರೆ, ಎರಡನೇ ಅಡಿಯದ್ದು ಬೇರೆ ಚೀಲದಲ್ಲಿ.

ನಿಮ್ಮ ಅಪ್ಪನವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಅರ್ಧ ನಿಜ, ಆ ಅರ್ಧ ಅನುಭವದಿಂದ ಬಂದದ್ದು. ಒಂದು ಅಡಿ ಮಣ್ಣಿನ ಮೂಲಕ ಒಂದು ಅಡಿ ನೀರು ಇಳಿದು ಹೋದರೆ ಅದರಲ್ಲಿನ ಉಪ್ಪಿನ ನೂರಕ್ಕೆ 80ರಷ್ಟು ತೊಳೆದುಹೋಗುತ್ತದೆ. "ಇಳಿದು ಹೋದರೆ" ಎಂಬುದೇ ಇಲ್ಲಿ ಮುಖ್ಯ. ನಿಮ್ಮ ಕೆಳಗಿನ ಗದ್ದೆಯಲ್ಲಿ ನೀರು ಎಲ್ಲಿಗೆ ಇಳಿಯಬೇಕು? ಕೆಳಗೆ ಆಗಲೇ ನೀರು ತುಂಬಿದೆ.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ ಎಡದಂಡೆಯಲ್ಲಿ ಬಹುಪಾಲು ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಅಂತ ಯೋಜನೆ ಇತ್ತು. ಬಂದದ್ದು ನೆಲ್ಲು. ಎರೆ ಭೂಮಿಯಲ್ಲಿ ನೀರು ಇಂಗುವುದು ನಿಧಾನ, ಆದರೆ ಒಮ್ಮೆ ಕೆಳಗೆ ತುಂಬಿತೆಂದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುತ್ತದೆ. ನೆಲದ ನೀರು ಒಂದೂವರೆ ಎರಡು ಮೀಟರಿಗಿಂತ ಮೇಲೆ ಬಂದರೆ ಈ ಬತ್ತಿ ಹತ್ತಿಕೊಂಡಿತು ಅಂತಲೇ. ಬೇಸಿಗೆಯಲ್ಲಿ ಗದ್ದೆ ಖಾಲಿ ಇದ್ದಾಗ ನೀರು ಮೇಲೆ ಬಂದು ಆವಿಯಾಗುತ್ತದೆ, ಉಪ್ಪು ಬಿಳಿ ಹಿಟ್ಟಾಗಿ ಉಳಿಯುತ್ತದೆ. ಕಾಲುವೆ ನೀರು ಸಿಹಿ ನೀರೇ. ಆದರೂ ಲೀಟರಿಗೆ ಐದನೇ ಒಂದು ಗ್ರಾಂ ಉಪ್ಪು ಇದೆ ಅಂತ ಇಟ್ಟುಕೊಳ್ಳಿ. ಎಕರೆಗೆ ಒಂದು ಮೀಟರ್ ನೀರು ಅಂದರೆ 40 ಲಕ್ಷ ಲೀಟರ್, ಅದರ ಜೊತೆ 800 ಕೆಜಿ ಉಪ್ಪು. ನೆಲ್ಲಿಗೆ ಅದಕ್ಕಿಂತ ಜಾಸ್ತಿಯೇ ನೀರು ಬೇಕು, ವರ್ಷಕ್ಕೆ ಎರಡು ಬೆಳೆ. ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಅದೆಲ್ಲ ಎಲ್ಲಿ ಕೂರಬೇಕು?

ನಿಮಗೆ ಹೇಳಲು ನನಗೆ ಕಷ್ಟ ಆಗುವ ಮಾತೊಂದಿದೆ. ಕೆಳಗಿನ ಒಂದೂವರೆ ಎಕರೆಯನ್ನು ಕೆಡಿಸುತ್ತಿರುವ ನೀರಿನಲ್ಲಿ ಒಂದು ಪಾಲು ನಿಮ್ಮದೇ ಮೇಲಿನ ಎರಡೂವರೆ ಎಕರೆಯಿಂದ ಬಸಿದು ಬರುತ್ತಿರಬೇಕು. ಅದಕ್ಕೂ ಮೇಲಿನವರ ಗದ್ದೆಯಿಂದಲೂ. ತಗ್ಗಿನ ಜಾಗ ಎಲ್ಲರ ಉಪ್ಪನ್ನೂ ಹೊರುತ್ತದೆ.

ಉಪ್ಪು ತಡೆಯುವ ಬೆಳೆ ಹಾಕಿದರೆ ಅದು ಉಪ್ಪನ್ನು ಹೀರಿ ಭೂಮಿ ಶುದ್ಧ ಮಾಡುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ನಿಮ್ಮ ಅಂಕಿಗೆ ಲೆಕ್ಕ ಹಾಕಿದರೆ ಒಂದು ಎಕರೆಯ ಮೇಲಿನ ಒಂದು ಅಡಿಯಲ್ಲೇ ಆರೇಳು ಟನ್ ಉಪ್ಪಿದೆ. ಒಂದು ಬೆಳೆಯ ಹುಲ್ಲು, ಕಾಳು ಎಲ್ಲ ಹೊತ್ತೊಯ್ದರೂ ಹೊರಗೆ ಹೋಗುವುದು ಕೆಲವು ಹತ್ತು ಕೆಜಿ. ಉಪ್ಪು ತಡೆಯುವ ಬೆಳೆಯ ಜಾಣತನ ಇರುವುದೇ ಉಪ್ಪನ್ನು ಒಳಗೆ ಬಿಡದಿರುವುದರಲ್ಲಿ, ಹಾಗಿದ್ದ ಮೇಲೆ ಅದು ಹೀರುವುದು ಹೇಗೆ?

ಹಾಗಾದರೆ ಏನು ಮಾಡಬಹುದು?

ನಾನಾಗಿದ್ದರೆ ಮೊದಲು ಮೇಲಿನ ಮತ್ತು ಕೆಳಗಿನ ಗದ್ದೆಯ ನಡುವೆ ಅಡ್ಡಲಾಗಿ ಒಂದು ಬಸಿಗಾಲುವೆ ತೋಡಿಸುತ್ತಿದ್ದೆ. ನಾಲ್ಕು ಅಡಿ ಆಳ, ಹಳ್ಳಕ್ಕೆ ಇಳಿಜಾರು. ಮೇಲಿಂದ ಬಸಿದು ಬರುವ ನೀರನ್ನು ಅದು ಅಲ್ಲೇ ಹಿಡಿಯುತ್ತದೆ. ಸ್ವಲ್ಪ ಜಾಗ ಹೋಗುತ್ತದೆ, ಎರೆ ಮಣ್ಣಾದ್ದರಿಂದ ದಂಡೆ ಕುಸಿಯುತ್ತದೆ, ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು. ಮತ್ತೆ ಹಳ್ಳದಲ್ಲಿ ಆಪು ಹುಲ್ಲು, ಜಾಲಿ ಬೆಳೆದು ನೀರು ಕಟ್ಟಿಕೊಂಡಿದ್ದರೆ ನಿಮ್ಮ ಕಾಲುವೆಯೂ ಕೆಲಸ ಮಾಡುವುದಿಲ್ಲ, ಹಾಗಾಗಿ ಮೊದಲು ಹಳ್ಳ ನೋಡಿ.

ಇನ್ನೂ ಗಟ್ಟಿ ದಾರಿ ಅಂದರೆ ನೆಲದೊಳಗೆ ತೂತಿನ ಪಿವಿಸಿ ಪೈಪು ಹೂಳಿ ಉಪ್ಪು ನೀರು ಬಸಿಯುವುದು. ಬೆಳಗಾವಿಯ ಉಗಾರ ಕಡೆ ಕಬ್ಬಿನ ಭೂಮಿಯಲ್ಲಿ ಇದನ್ನು ಮಾಡಿದ್ದಾರೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಖರ್ಚು ದೊಡ್ಡದು, ಇಳಿಜಾರು ಸರಿಯಾಗಿ ಹಿಡಿಯದಿದ್ದರೆ ಹಾಕಿದ ಪೈಪು ಮಣ್ಣುಪಾಲು. ಒಂದೂವರೆ ಎಕರೆಗೆ ಒಬ್ಬರೇ ಮಾಡಿಸುವುದಕ್ಕಿಂತ ಹಳ್ಳದ ದಂಡೆಯ ಹತ್ತು ಹದಿನೈದು ಜನ ಸೇರಿ, ಮುನಿರಾಬಾದ್‌ನ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ಯಾವ ಯೋಜನೆ ಇದೆ ಅಂತ ಕೇಳುವುದು ಒಳ್ಳೆಯದು.

ನೀರಿಗೆ ದಾರಿ ಆದ ಮೇಲೆ ತೊಳೆಯುವುದು. ಗದ್ದೆಯ ಮೇಲಿಂದ ನೀರು ಹರಿಸಿ ಹೊರಗೆ ಬಿಟ್ಟರೆ ಬಿಳಿ ಹಿಟ್ಟು ಮಾತ್ರ ಹೋಗುತ್ತದೆ, ಬೇರಿನ ಜಾಗದ ಉಪ್ಪು ಹಾಗೇ ಇರುತ್ತದೆ. ಗದ್ದೆ ಸಮ ಮಾಡಿ, ಬದು ಗಟ್ಟಿ ಮಾಡಿ, ಮಳೆ ನೀರನ್ನು ಮತ್ತು ಮೊದಲ ಕಾಲುವೆ ನೀರನ್ನು ನಿಲ್ಲಿಸಿ ಇಂಗಿಸಿ. ಸ್ವಲ್ಪ ಇಂಗಲು ಬಿಟ್ಟು ಮತ್ತೆ ಕಟ್ಟಿ. ಒಂದೇ ಸಲ ತುಂಬಿ ಇಡುವುದಕ್ಕಿಂತ ಇದರಲ್ಲಿ ಕಡಿಮೆ ನೀರಿಗೆ ಹೆಚ್ಚು ಉಪ್ಪು ಇಳಿಯುತ್ತದೆ. ನಡುವೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂವಿಗೆ ಮುಂಚೆ ಮಣ್ಣಿಗೆ ಸೇರಿಸಿ. ಅದು ಈ ಉಪ್ಪಿನಲ್ಲೂ ಏಳುತ್ತದೆ, ಅದರ ಬೇರು ಮಣ್ಣು ಬಿಡಿಸುತ್ತದೆ.

ತಳಿ? ಮುಂಗಾರಿಗೆ ಹಾಕಿ, ತಪ್ಪಿಲ್ಲ. ಕರ್ನಾಲ್‌ನ ಕೇಂದ್ರೀಯ ಸವಳು ಮಣ್ಣು ಸಂಶೋಧನಾ ಸಂಸ್ಥೆ ಸಿ.ಎಸ್.ಆರ್. ಹೆಸರಿನಲ್ಲಿ ತಳಿಗಳನ್ನು ಕೊಟ್ಟಿದೆ, ಸಿ.ಎಸ್.ಆರ್. 36 ಅಂಥದ್ದು. ನಿಮ್ಮ ಭೂಮಿಗೆ ಯಾವುದು ಒಗ್ಗಿದೆ ಅಂತ ಗಂಗಾವತಿಯಲ್ಲಿ ಕೇಳಿ. ಬೀಜ ತರುವ ಮುಂಚೆ ಮಿಲ್ಲಿನವರನ್ನೂ ಕೇಳಿ, ಸೋನಾಕ್ಕೆ ಸಿಗುವ ರೇಟು ಅದಕ್ಕೆ ಸಿಗದೇ ಹೋಗಬಹುದು. ಕುಮಟಾದ ಅಘನಾಶಿನಿ ಗಜನಿಯಲ್ಲಿ, ಅಂದರೆ ಸಮುದ್ರದ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತದ ಬಗ್ಗೆಯೂ ನನಗೆ ಬಹಳ ಪತ್ರ ಬರುತ್ತವೆ. ಸಮುದ್ರದ ಉಪ್ಪು ನೀರಿನ ಪಕ್ಕದಲ್ಲೇ ಬೆಳೆಯುವ ಅದ್ಭುತ ಭತ್ತ ಅದು, ಕಾಪಾಡಬೇಕಾದ ಬೀಜ. ಆದರೆ ಅಲ್ಲಿ ಜೂನ್ ಜುಲೈ ಮಳೆ ಗಜನಿಯ ಉಪ್ಪನ್ನು ತೊಳೆದುಕೊಡುತ್ತದೆ. ರಾಯಚೂರು ಜಿಲ್ಲೆಗೆ ಬೀಳುವ ಮಳೆ ಕರಾವಳಿಯ ಮಳೆಯ ಕಾಲು ಭಾಗವೂ ಆಗುವುದಿಲ್ಲ. ಬೀಜ ತಂದರೂ ಆ ಮಳೆ ತರಲು ಆಗುವುದಿಲ್ಲವಲ್ಲ.

ತಳಿಗಿಂತ ಮುಖ್ಯವಾದದ್ದು ವಯಸ್ಸು. ನೆಲ್ಲು ಮೊಳಕೆಯಲ್ಲಿ ಉಪ್ಪು ತಡೆಯುತ್ತದೆ, ಎಳೆ ಸಸಿಯಲ್ಲಿ ತಡೆಯುವುದಿಲ್ಲ, ತೆಂಡೆ ಒಡೆಯುವಾಗ ಮತ್ತೆ ಗಟ್ಟಿ, ತೆನೆ ಕಟ್ಟುವಾಗ ಮತ್ತೆ ನಾಜೂಕು. ನಿಮ್ಮ ಜೊಳ್ಳಿಗೆ ಕಾರಣ ಈ ಕೊನೆಯದ್ದು. ಹಾಗಾಗಿ ಸಸಿ ಮಡಿಯನ್ನು ಮೇಲಿನ ಒಳ್ಳೆ ಭೂಮಿಯಲ್ಲಿ ಮಾಡಿ. 30–35 ದಿನದ ಬಲಿತ ಸಸಿ ನಾಟಿ ಮಾಡಿ, ಗುಣಿಗೆ ಮೂರು ನಾಲ್ಕು ಸಸಿ, ಸ್ವಲ್ಪ ಒತ್ತಾಗಿ. ನಾಟಿಗೆ ಮುಂಚೆ ಗದ್ದೆಯ ನೀರು ಒಮ್ಮೆ ಬಸಿದು ಹೊಸ ನೀರು ಕಟ್ಟಿ. ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಕೊಡಿ. ತೆನೆ ಕಟ್ಟುವ ಹೊತ್ತಿಗೆ ಗದ್ದೆ ಒಣಗಲು ಬಿಡಬೇಡಿ. ಎಲೆ ಬಿಳಿಚಿತು ಅಂತ ಯೂರಿಯಾ ಮೇಲೆ ಯೂರಿಯಾ ಹಾಕಬೇಡಿ, ಅದು ಹಸಿವಿನ ರೋಗ ಅಲ್ಲ.

ಬೇಸಿಗೆ ನೆಲ್ಲನ್ನು ಮಾತ್ರ ಆ ಒಂದೂವರೆ ಎಕರೆಯಲ್ಲಿ ಬಿಡಿ ಅನ್ನುತ್ತೇನೆ. ಬಿಸಿಲು ಜಾಸ್ತಿ, ಮಳೆ ಇಲ್ಲ, ಉಪ್ಪು ಗಟ್ಟಿಯಾಗುವ ಕಾಲ. 16 ಚೀಲಕ್ಕೆ ಕೂಲಿ, ಗೊಬ್ಬರ, ಔಷಧಿ ಲೆಕ್ಕ ಹಾಕಿದರೆ ಕೈಗೆ ಏನು ಬಂತು ಅಂತ ಅಪ್ಪನವರ ಜೊತೆ ಕೂತು ಬರೆದು ನೋಡಿ. ಆ ಹೊತ್ತಿಗೆ ಮೇವಿನ ಜೋಳ ಹಾಕಬಹುದು. ಹತ್ತಿ ಉಪ್ಪು ತಡೆಯುತ್ತದೆ, ಆದರೆ ಬೇರಿಗೆ ನೀರು ನಿಂತರೆ ಸಾಯುತ್ತದೆ, ಹಾಗಾಗಿ ಬಸಿಗಾಲುವೆ ಆಗುವವರೆಗೆ ಹತ್ತಿ ಬೇಡ. ಆಮೇಲೆ ಹಾಕುವಾಗಲೂ ಸಾಲಿನ ಏರಿನ ನೆತ್ತಿಯಲ್ಲಿ ಬೀಜ ಊರಬೇಡಿ, ಉಪ್ಪು ಹೋಗಿ ಕೂರುವುದು ಅಲ್ಲೇ. ಏರಿನ ಪಕ್ಕೆಯಲ್ಲಿ ಊರಿ.

ಈ ವಾರ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸ ಒಂದಿದೆ. ಎರಡು ಮೀಟರ್ ಪಿವಿಸಿ ಪೈಪಿಗೆ ಕೆಳಗಿನ ಅರ್ಧದಲ್ಲಿ ತೂತು ಹಾಕಿ, ತೂತಿನ ಮೇಲೆ ಹಳೆಯ ಬಟ್ಟೆ ಸುತ್ತಿ, ಕೆಳಗಿನ ಗದ್ದೆಯ ಬದುವಿನಲ್ಲಿ ಹೂಳಿ ಬಾಯಿ ಮುಚ್ಚಿ. ಮೇಲಿನ ಗದ್ದೆಯ ಬದುವಿನಲ್ಲೂ ಒಂದು. ಹದಿನೈದು ದಿನಕ್ಕೊಮ್ಮೆ ಕೋಲು ಇಳಿಸಿ, ನೀರು ನೆಲದಿಂದ ಎಷ್ಟು ಕೆಳಗಿದೆ ಅಂತ ಬರೆದಿಡಿ. ಮೇ ತಿಂಗಳಲ್ಲೂ ಒಂದು ಮೀಟರಿನ ಒಳಗೇ ನೀರು ಸಿಕ್ಕರೆ ಬೀಜದ ಅಂಗಡಿಗೆ ಹೋಗುವ ಮುಂಚೆ ಜೆಸಿಬಿಯವರಿಗೆ ಫೋನ್ ಮಾಡಿ. ಆ ಅಂಕಿಗಳನ್ನೂ, ಲೋಟದ ಪರೀಕ್ಷೆಯಲ್ಲಿ ಏನಾಯಿತು ಎಂಬುದನ್ನೂ ನನಗೆ ಬರೆಯಿರಿ. ಬಸಿಗಾಲುವೆ ಎಲ್ಲಿ, ಎಷ್ಟು ಆಳ ಅಂತ ಅದನ್ನು ನೋಡಿ ಹೇಳುತ್ತೇನೆ.